ಒಂದು ಮೆಟ್ಟು ಕೆಳಗೆ

ರೊಡೆಲಿಯೊ ಮನಿಲಾಕ್ಕೆ ಹೊರಟಾಗ
ಎರಡು ಪ್ಯಾಂಟು ಮೊಟಕು ಮಾಡಿದ್ದು, ಒಂದು ಕೋಟಿನ ಅಸ್ತರು,
ಒಟ್ಟು ಏಳು ದಿನಾರು ಬಾಕಿ.
ಕೊಟ್ಟದ್ದು ಗಿಟಾರು.
"ಇದರಲ್ಲೇ ವಜಾ ಮಾಡಿಕೊ, ಮಾಸ್ಟರ್" ಎಂದ.

ಮನಾಮದ ಹಿಂಗಲ್ಲಿ.
ಕೆಳಗೆ ನನ್ನ ಅಂಗಡಿ, ಮೇಲೆ ನನ್ನ ಮಂಚ,
ನಡುವೆ ಹದಿನಾಲ್ಕು ಮೆಟ್ಟಿಲು.
ಟೇಪು ಹಿಡಿಯದೆ ಭುಜದ ಅಳತೆ ಹೇಳುವ ಕಣ್ಣು ನನ್ನದು,
ಐವತ್ತೆರಡಕ್ಕೆ ಮತ್ತೆ
ಕಾಜಾ-ಬಟನ್ ಹುಡುಗನಾದೆ.

ಗುರು ಅಂತ ಯಾರೂ ಇಲ್ಲ. ಒಂದು ಸೀಡಿ.
ರಟ್ಟಿನ ಮೇಲೆ ನೀರಿಲ್ಲದ ಈಜುಕೊಳ,
ಅದರ ತಳದಲ್ಲಿ ಒಂಟಿ ಕುರ್ಚಿ.
ಒಂಬತ್ತು ಹಾಡು, ನಲವತ್ತೊಂದು ನಿಮಿಷ.
ಬಂದ ಹೊಸತರಲ್ಲಿ, ಎಂಟು ಮಂಚದ ಕೋಣೆಯಲ್ಲಿ,
ಏಳು ಜನರ ಗೊರಕೆಯ ನಡುವೆ ಕ್ಯಾಸೆಟ್ಟಿನಲ್ಲಿ ಕೇಳಿದ್ದು.
ಆ ಇಂಗ್ಲಿಷು ಇವತ್ತಿಗೂ ಅರ್ಧ ತಿಳಿಯದು.
ಆದರೆ ಮೂರನೇ ಹಾಡಿನಲ್ಲಿ ಡ್ರಮ್ಮು ನಿಂತು
ಗಿಟಾರು ಒಂದೇ ನಡೆದು ಹೋಗುವ ಹನ್ನೊಂದು ಸೆಕೆಂಡು
ನನ್ನದೇ ಎಂದು ಯಾವತ್ತೋ ತೀರ್ಮಾನಿಸಿಬಿಟ್ಟಿದ್ದೆ.

ರಾತ್ರಿ ಹತ್ತೂವರೆಗೆ ಶಟರ್ ಎಳೆದು ಕೂರುತ್ತೇನೆ.
ಮೀಟುವುದಕ್ಕೆ, ಕಾಲರಿನೊಳಗೆ ಇಡುವ ಪ್ಲಾಸ್ಟಿಕ್ಕು.
ಬೆರಳಿಡುವ ಜಾಗಕ್ಕೆ ಟೈಲರ್ ಚಾಕಿನ ಗುರುತು:
ನೀಲಿ ಇ ಮೈನರಿಗೆ, ಹಳದಿ ಜಿಗೆ.
ಸೂಜಿ ಚುಚ್ಚಿ ಚುಚ್ಚಿ ಮರಗಟ್ಟಿದ ತೋರುಬೆರಳು
ತಂತಿಗೆ ಹೆದರಲಿಲ್ಲ.
ಕಿರುಬೆರಳು ಮಾತ್ರ, ಕಟ್ಟೆ ಮೇಲೆ ಕೂತ ಪಟೇಲನ ಹಾಗೆ,
ಕೆಲಸಕ್ಕೆ ಏಳಲೊಲ್ಲದು.

ಹಾಡು ಓಡುತ್ತದೆ. ನಾನು ಜಿಯಿಂದ ಸಿಗೆ ದಾಟುವಷ್ಟರಲ್ಲಿ
ಅವರು ಪಲ್ಲವಿ ಮುಗಿಸಿ ಚಹಾ ಕುಡಿದಿರುತ್ತಾರೆ.
ನಿಲ್ಲಿಸು. ಹಿಂದೆ ಹೋಗು. ಮತ್ತೆ.
ಪಕ್ಕದ ಕೋಣೆಯ ಕ್ಷೌರಿಕ ಗುಲ್‌ಬಾಜ್ ಗೋಡೆ ಬಡಿಯುತ್ತಾನೆ,
ತಾಳಕ್ಕೆ ಸರಿಯಾಗಿ,
ನನಗಿಂತ ಸರಿಯಾಗಿ.

ಆದರೆ ಒಂದು ಸಂಕಟ.
ಬೆರಳು ಸರಿ, ಮೀಟಿದ್ದು ಸರಿ, ಎಣಿಕೆಯೂ ಸರಿ,
ಅವರ ಪಕ್ಕ ಇಟ್ಟ ಕೂಡಲೆ ಕಹಿ,
ಜರಿಗೆ ಗೋಣಿ ಹೊಲಿದ ಹಾಗೆ.
ಟ್ಯೂನರ್ ಎಂಬ ಪುಟ್ಟ ಡಬ್ಬಿ ಹಸಿರು ದೀಪ ತೋರಿಸಿ
ಆರೂ ತಂತಿ ನೆಟ್ಟಗಿವೆ ಎನ್ನುತ್ತದೆ.
ಹಾಗಾದರೆ ನೆಟ್ಟಗಿಲ್ಲದ್ದು ನಾನೇ.
ಎರಡು ತಿಂಗಳು ಹಾಗೇ ನಂಬಿದೆ.
ಇಗರ್ಜಿಯ ಗಾಯನದಲ್ಲಿ ಹಿಂದಿನ ಸಾಲಿಗೆ ನಿಲ್ಲಿಸಿ
"ನೀನು ಬಾಯಿ ಮಾತ್ರ ಆಡಿಸು" ಎಂದಿದ್ದ
ಬೊನವೆಂಚರ್ ಮೇಷ್ಟ್ರು ಸುಳ್ಳು ಹೇಳುವವರಲ್ಲ.

ರಂಜಾನಿನ ಒಂದು ರಾತ್ರಿ, ಈದಿನ ಹೊಲಿಗೆಯ ರಾಶಿ.
ಒಂದು ಅಬಾಯದ ಅಂಚು ಸುಮ್ಮನೆ ನೆರಿಗೆ ಕಟ್ಟುತ್ತಿತ್ತು,
ದಾರ ಬಿಗಿ.
ಮೆಷಿನ್ನಿನ ತಿರುಪು ಒಂದು ಸುತ್ತು ಸಡಿಲಿಸಿದೆ,
ಹೊಲಿಗೆ ಉಸಿರು ಬಿಟ್ಟು ಮಲಗಿತು.
ಕೈ ತಿರುಪಿನ ಮೇಲೆಯೇ ಉಳಿಯಿತು.

ಹದಿನಾಲ್ಕು ಮೆಟ್ಟಿಲು ಏಳೇ ಹೆಜ್ಜೆಗೆ.
ಹಸಿರು ದೀಪ ಆರಿಸಿ, ಬಿರಡೆ ಒಂದೊಂದೇ ತಿರುಗಿಸಿ
ಆರೂ ತಂತಿ ಒಂದು ಮೆಟ್ಟು ಕೆಳಗಿಳಿಸಿದೆ,
ಅವರ ಮೊದಲ ಸ್ವರ ಕೈಗೆ ತಗಲುವವರೆಗೆ.

ಅಷ್ಟೆ.
ಯಾವುದೋ ಊರಿನ ಯಾವುದೋ ಸ್ಟುಡಿಯೋದಲ್ಲಿ
ಹಾಡುವವನ ಗಂಟಲಿಗೆ ಹಗುರಾಗಲೆಂದು
ತಂತಿ ಸಡಿಲಿಸಿಯೇ ಕೂತಿದ್ದರು ಅವರು,
ರಟ್ಟಿನ ಮೇಲೆ ಬರೆಯದೆ.
ನಾವೂ ಮಾಡುತ್ತೇವಲ್ಲ, ಚೆನ್ನಾಗಿ ಉಣ್ಣುವ ಗಿರಾಕಿಗೆ
ಸೊಂಟದಲ್ಲಿ ಅರ್ಧ ಇಂಚು ಬಿಡುತ್ತೇವೆ,
ಚೀಟಿಯಲ್ಲಿ ಬರೆಯುವುದಿಲ್ಲ.

ಮೂರನೇ ಹಾಡು ಹಾಕಿದೆ. ಡ್ರಮ್ಮು ನಿಂತಿತು.
ಹನ್ನೊಂದು ಸೆಕೆಂಡಿನಲ್ಲಿ ನಾಲ್ಕು ನನ್ನವಾದವು.
ಉಳಿದದ್ದು ತಪ್ಪಿತು, ಆದರೆ
ತಪ್ಪಿದ್ದೂ ಅವರ ಶ್ರುತಿಯಲ್ಲೇ ತಪ್ಪಿತು.
ಸಹರಿಗೆ ಎದ್ದಿದ್ದನೋ ಏನೋ ಗುಲ್‌ಬಾಜ್,
ಪಾತ್ರೆಯ ಸದ್ದಿತ್ತು. ಗೋಡೆ ಬಡಿಯಲಿಲ್ಲ.

ಕೆಳಗೆ ಮೆಷಿನ್ನಿನ ದೀಪ ಉರಿಯುತ್ತಲೇ ಇತ್ತು,
ಕಪ್ಪು ಬಟ್ಟೆಯಲ್ಲಿ ಇಳಿದ ಸೂಜಿ ಹಾಗೇ ನಿಂತಿತ್ತು.
ನಾಳೆ ಹನ್ನೆರಡಕ್ಕೆ ಡೆಲಿವರಿ.