ಪಕ್ಕದಾಗೆ

ಭಟ್ಟಿಗಳಾಚೆಯ ಹೊಸ ಬಡಾವಣೆ:
ರಸ್ತೆ ಬಂದಿದೆ, ಮನೆ ಬಂದಿಲ್ಲ.
ಸೈಟಿನ ಕಲ್ಲು ಎಣಿಸುತ್ತ ಓಡುತ್ತೇನೆ,
ನಲವತ್ತೊಂದಕ್ಕೆ ಪಕ್ಕೆ ಹಿಡಿಯುತ್ತದೆ.
ಗಾಳಿ ಈ ಕಡೆ ತಿರುಗಿದರೆ
ಮಂಡಕ್ಕಿ ಹುರಿದ ಹೊಗೆ, ನಾಲಿಗೆಗೆ ಉಪ್ಪು.

ಅಲ್ಲೇ ಸಿಕ್ಕಳು ಹಾಲಮ್ಮಕ್ಕ, ಐವತ್ತಮೂರು.
ಮಗ ಬಿಟ್ಟ ಸೈಕಲ್ಲು,
ಸೀರೆಯ ಕೆಳಗೆ ಅವನದೇ ಟ್ರ್ಯಾಕ್ ಪ್ಯಾಂಟು.
ಕ್ಯಾರಿಯರಿಗೆ ಕೈ ಚಾಚಿದೆ.
"ಹಿಡೀಬ್ಯಾಡ. ಬಿದ್ರೆ ನಾನು ಬೀಳ್ತೀನಿ.
ಸುಮ್ನೆ ಪಕ್ಕದಾಗೆ ಓಡು,
ನಾನೊಬ್ಳೇ ಅಲ್ಲ ಅಂತ
ಆ ನಾಯಿಗೆ ಗೊತ್ತಾಗ್ಲಿ."

ಹದಿನೇಳು ದಿನ ಓಡಿದೆ.
ಎರಡು ಸಲ ಬಿದ್ದಳು,
ಒಮ್ಮೆ ಜಲ್ಲಿಗೆ, ಒಮ್ಮೆ ನನ್ನ ಮೇಲೆ.

ಇವತ್ತು ಅರವತ್ತನೇ ಕಲ್ಲಿನ ತಿರುವಿನಲ್ಲಿ
ಬೆಲ್ಲು ಬಾರಿಸಿ, ತಿರುಗಿಯೂ ನೋಡದೆ
ಹೋಗೇಬಿಟ್ಟಳು.

ಮೊಣಕಾಲಿಗೆ ಕೈಯೂರಿ ನಿಂತೆ.
ಪಕ್ಕದಲ್ಲಿ ನಾಯಿ,
ಅದಕ್ಕೂ ಏದುಸಿರು.