ಎಂಟು ಗ್ರಾಂ

ಮೂವತ್ತೊಂದು ವರ್ಷ ನಾನು
ಬೇರೆಯವರ ಬಟ್ಟುಗಳ ಅಡಿಯ ಕುಳಿಯಲ್ಲಿ
ಸೀಸದ ಮೇಲೆ ಸರ್ಕಾರದ ಮುದ್ರೆ ಒತ್ತಿದವನು.
ಅಂತರಸನಹಳ್ಳಿ ಮಂಡಿಗೆ ನನ್ನ ಜೀಪು ತಿರುಗಿದರೆ
ಹುಣಸೆಹಣ್ಣಿನ ಮೂಟೆಗಳ ಹಿಂದೆ
ತಕ್ಕಡಿಗಳು ಸೆರಗು ಸರಿಮಾಡಿಕೊಳ್ಳುತ್ತಿದ್ದವು.
ಒಂದೇ ಒಂದು ಬಟ್ಟು, ಗೊತ್ತಿದ್ದೂ ಒತ್ತಿದೆ.
ಅದರ ಮಾತು ಇಲ್ಲಿ ಬೇಡ.

ನಿವೃತ್ತನಾದ ಮೇಲೆ, ರಿಂಗ್ ರಸ್ತೆಯ ಆಚೆ,
ಟೈಲ್ಸ್ ಅಂಗಡಿ ಎದ್ದುಹೋದ ಒಂದು ಮಳಿಗೆಯಲ್ಲಿ
ಒಂದು ತಕ್ಕಡಿಯ
ಇನ್ನೂರ ಹನ್ನೊಂದರಲ್ಲಿ ಒಂದು ಪಾಲು ನನ್ನದಾಯಿತು.

ಷೇರಿಗೆ ಐನೂರು.
ರಶೀದಿ ಪುಸ್ತಕ ಹಿಡಿದು ಜಬೀನಾ ಟೀಚರ್
ಮರಳೂರಿನ ಬೀದಿ ಬೀದಿ ಸುತ್ತಿದರು.
ಚೀಟಿ ದುಡ್ಡಾ? ಅಂದರು ಕೆಲವರು.
ಯಾವ ಪಾರ್ಟಿ? ಅಂದರು ಮಿಕ್ಕವರು.
ಹೆಸರಿಗೇ ಮೂರು ಸಭೆ ಹೋಯಿತು.
ದೇವರ ಹೆಸರಿಟ್ಟರೆ ಹೋಟೆಲ್ ಅಂದುಕೊಳ್ಳುತ್ತಾರೆ,
ಊರಿನ ಹೆಸರಿಟ್ಟರೆ ಬ್ಯಾಂಕು ಅಂದುಕೊಳ್ಳುತ್ತಾರೆ.
ಬೋರ್ಡು ಬರೆಯುವವನು
ಅಕ್ಷರಕ್ಕೆ ಇಷ್ಟು ಅಂತ ಬಾಗಿಲಲ್ಲೇ ನಿಂತಿದ್ದ.
ಅಗ್ಗವಾದದ್ದು ಗೆದ್ದಿತು:
ಪಡಿ.

ಬೆಳಗಿನ ಜಾವ ನಾಲ್ಕಕ್ಕೆ ರಸ್ತೆ ಗುಡಿಸುವ ಮಾರಕ್ಕ
ಐವತ್ತರಂತೆ ಹತ್ತು ಕಂತು ಕಟ್ಟಿದಳು.
ಕೊನೆಯ ಐವತ್ತು, ಎಲ್ಲಾ ಚಿಲ್ಲರೆ.
ಎಣಿಸುವಷ್ಟು ಹೊತ್ತೂ
ಕುರ್ಚಿ ಕೊಟ್ಟರೂ ಕೂರಲಿಲ್ಲ.

ರಾಗಿ ಹೆಬ್ಬೂರಿನ ಓಬಳಯ್ಯನ ಕಣದಿಂದ,
ಶೇಂಗಾ ಪಾವಗಡದಿಂದ, ತೆಂಗಿನಕಾಯಿ ಗುಬ್ಬಿಯಿಂದ,
ಅದರ ಲಗೇಜ್ ಆಟೋ ಹೆಗ್ಗೆರೆಯಲ್ಲಿ ಪಂಕ್ಚರ್ ಆಗಿ
ಮೊದಲ ದಿನ ಮಾರಿದ್ದು ಬರೀ ರಾಗಿ, ಉಪ್ಪು.

ಏಳನೆಯ ವಾರದ ಕೊನೆ, ಷಟರ್ ಅರ್ಧ ಇಳಿಸಿ
ಮನೆಯಿಂದ ತಂದ ಹಿತ್ತಾಳೆಯ ಬಟ್ಟು
ಸುಮ್ಮನೆ ಇಟ್ಟು ನೋಡಿದೆ.
ಕಸುಬು ಬಿಟ್ಟರೂ ಬೆರಳು ಬಿಡಬೇಕಲ್ಲ.
ಒಂದು ಕೇಜಿ ಬಟ್ಟಿಗೆ ಕೆಂಪು ಅಂಕಿ ಅಂದಿತು:
ಒಂದು ಕೇಜಿ ಎಂಟು ಗ್ರಾಂ.
ಮೂರು ಸಲ ಇಟ್ಟೆ. ಫ್ಯಾನು ಆರಿಸಿ ಇಟ್ಟೆ.
ಎಂಟು.

ನೋಟಿಸು ಬರೆಯಲು ಕೂತೆ, ಕೈ ತಾನಾಗಿ ಹೋಯಿತು.
ಮೋಸ ಹೋದವರ ಪಟ್ಟಿ ಮಾಡಿದೆ,
ಮಾಲೀಕರ ಪಟ್ಟಿ ತೆಗೆದೆ.
ಎರಡರಲ್ಲೂ ಅವೇ ಹೆಸರು, ಅದೇ ಕಾಗುಣಿತದ ತಪ್ಪು.
ಹದಿನೇಳನೆಯದು ನನ್ನದು.

ಸಭೆಯಲ್ಲಿ ರೇಣುಕಾರಾಧ್ಯರು, ನಮ್ಮ ಖಜಾಂಚಿ, ಅಂದರು:
ನಮ್ಮದು ನಮ್ಮಲ್ಲೇ ಉಳಿಯಿತು ಬಿಡಿ.
ವರ್ಷದ ಕೊನೆಗೆ ಲಾಭಾಂಶ ಅಂತ ಅದೇ ಬರುತ್ತೆ.

ವರ್ಷದ ಕೊನೆ ರಾಗಿ
ಇವತ್ತಿನ ಮುದ್ದೆಗೆ ಆಯ್ತದಾ ಸಾ,
ಅಂದಳು ಮಾರಕ್ಕ, ಬಾಗಿಲ ಹತ್ತಿರದಿಂದ.
ನಂಗೆ ಎರಡನೇ ವಾರಕ್ಕೇ ಗೊತ್ತಿತ್ತು.
ನಮ್ಮನೆ ಪಾವು ಸುಳ್ಳು ಹೇಳಲ್ಲ.

ಗೊತ್ತಿದ್ದೂ ಯಾಕೆ ಹೇಳಲಿಲ್ಲ?
(ಕೇಳಿದವನು ನಾನೇ. ನನಗೆ ಆ ಹಕ್ಕಿತ್ತೇ?)

ಯಾರ್ಗೆ ಹೇಳಾದು ಅಂತ ತಿಳೀನಿಲ್ಲ.
ಅಂಗಡಿಯೋರ್ಗೆ ಹೇಳಿದ್ರೆ ಬೈತಾರೆ ಅಂದ್ಕಂಡೆ.
ಅಂಗಡಿ ನಂದೂ ಅಂಬೋದು
ನೆಪ್ಪೇ ಆಗ್ನಿಲ್ಲ ನೋಡಿ.

ಯಾರೋ ನಕ್ಕರು. ಜಬೀನಾ ಟೀಚರ್ ನಗಲಿಲ್ಲ.
ಎದ್ದು, ತಮ್ಮ ಕುರ್ಚಿಯನ್ನು
ಬಾಗಿಲ ತನಕ ಎಳೆದುಕೊಂಡು ಹೋದರು.
ಸಿಮೆಂಟಿನ ಮೇಲೆ ಕುರ್ಚಿಯ ಕಾಲು ಕಿರುಗುಟ್ಟಿದ ಸದ್ದು
ನಡಾವಳಿ ಪುಸ್ತಕದಲ್ಲಿ ಬರೆಯಲು ಬರಲಿಲ್ಲ ನನಗೆ.

ಕೈ ಎತ್ತಿದರು. ಎಣಿಸಿದೆವು. ವಾಪಸು ಕೊಡಬೇಕು.
ರಾತ್ರಿ ಹನ್ನೊಂದರವರೆಗೆ ಹಳೇ ಪೇಪರಿನ ಪೊಟ್ಟಣ,
ಬಿಲ್ಲು ಹುಡುಕಿ, ಲೆಕ್ಕ ಹಾಕಿ,
ಒಬ್ಬೊಬ್ಬರಿಗೆ ಅವರವರ ಕೊರತೆ.
ವಾರಕ್ಕೆ ನಾಲ್ಕು ಕೇಜಿ, ಏಳು ವಾರ:
ಮಾರಕ್ಕನದು ಇನ್ನೂರ ಇಪ್ಪತ್ತನಾಲ್ಕು ಗ್ರಾಂ ರಾಗಿ.

ಕೊಟ್ಟಾಗ ಚೀಲಕ್ಕೆ ಹಾಕಿಕೊಳ್ಳಲಿಲ್ಲ.
ರಿಪೇರಿಯಾಗಿ ಬಂದ ತಕ್ಕಡಿಯ ಮೇಲೆ ಮತ್ತೆ ಇಟ್ಟು
ಅಂಕಿ ನಡುಗಿ ನಿಲ್ಲುವವರೆಗೆ ಕಾದಳು.
ಆಮೇಲೆ ನನ್ನ ಕಡೆ ತಿರುಗಿ
ಕೇಳಿದಳು, ಅಲ್ಲ, ಕೇಳಿದರು:

ಪೇಪರಿನ ತೂಕ ಕಳೆದ್ರಾ?

ಕಳೆದಿರಲಿಲ್ಲ.