ಮೂವತ್ತೊಂದು ಮೀಟರ್

ರಾತ್ರಿ ಎರಡಕ್ಕೆ ಭಟ್ಟಿಗೆ ಹೊಟ್ಟು ಸುರಿದು
ಹಯಾತ್ ಮಾಮು ರೇಡಿಯೋ ಹಚ್ಚುತ್ತಿದ್ದ.
ಸುಟ್ಟ ಮೋಟಾರಿನಿಂದ ಬಿಚ್ಚಿದ ತಾಮ್ರದ ತಂತಿ
ನಮ್ಮ ತಗಡಿನಿಂದ ಎದುರುಮನೆ ಬೇವಿಗೆ;
ಹಗಲು ಅದರ ಮೇಲೆ ಅಮ್ಮಿಯ ದುಪ್ಪಟ್ಟಾ.

ಕಾದ ಮರಳಲ್ಲಿ ಅಕ್ಕಿ ಸಿಡಿಯುವ ಸದ್ದು,
ಪೆಟ್ಟಿಗೆಯೊಳಗೂ ಅದೇ ಸದ್ದು.
ಯಾವುದು ಭಟ್ಟಿ, ಯಾವುದು ಸಮುದ್ರ?
ಮುಳ್ಳನ್ನು ಕೂದಲೆಳೆಯಷ್ಟು ಸರಿಸಿ
"ಬಂತು, ಬಂತು" ಅನ್ನುವನು.
ಹೆಂಗಸೊಬ್ಬಳು ಏನೋ ಹೇಳಿ, ಮುಳುಗಿ, ಮತ್ತೆ ಏಳುವಳು.
ಭಾಷೆ ಯಾವುದೋ.
ನಡುವೆ ಒಮ್ಮೆ ಕೆಮ್ಮಿದಳು. ಅದು ಮಾತ್ರ ತಿಳಿಯಿತು.

ಒಂಬತ್ತನೇ ಕ್ಲಾಸಿನ ನನ್ನ ಇಂಗ್ಲಿಷಿನಲ್ಲಿ ಕಾಗದ:
ಇಂಥ ತಾರೀಖು, ಇಷ್ಟು ಗಂಟೆ,
ಸದ್ದು ಐದರಲ್ಲಿ ಮೂರು, ಆಮೇಲೆ ಗೊರಗೊರ.
"ಕೆಮ್ಮಿದ್ದನ್ನೂ ಬರಿ," ಅಂದ ಮಾಮು,
"ಕೇಳಿದ್ದು ನಾವೇ ಅಂತ ಅವರು ನಂಬಬೇಕಲ್ಲ."

ನಾಲ್ಕು ತಿಂಗಳಿಗೆ ಕಾರ್ಡು.
ಮಂಡಕ್ಕಿ ಭಟ್ಟಿ, ದಾವಣಗೆರೆ; ಅಷ್ಟೇ ವಿಳಾಸ ಸಾಕಾಗಿತ್ತು.
ಪೋಸ್ಟಿನ ಕರಿಬಸಪ್ಪ ಓಣಿಗೆಲ್ಲ ತೋರಿಸಿಯೇ ತಂದ.
ಒಂದು ಬದಿ ಬಿಳಿ ನೊರೆ, ಬಂಡೆ, ದೀಪದ ಗೋಪುರ
(ಅವನು ಮಿನಾರು ಅಂದುಕೊಂಡಿದ್ದ).
ಹಿಂದೆ ಅಚ್ಚಿನಲ್ಲಿ: ನೀವು ಕೇಳಿದ್ದು ನಿಜ.
ಕೆಳಗೆ ನೀಲಿ ಶಾಯಿಯಲ್ಲಿ, ಯಾರದೋ ಕೈಬರಹ:
ಕೆಮ್ಮು ಈಗ ವಾಸಿ.

ಹರಿಹರದ ಹೊಳೆ ಬಿಟ್ಟರೆ
ಮಾಮು ದೊಡ್ಡ ನೀರು ಕಂಡವನಲ್ಲ.
ಕಾರ್ಡನ್ನು ಮೂಸಿ ನೋಡಿದ, ಎರಡು ಸಲ.
ಆ ಹೊತ್ತಿಗೆ ಒಂದು ಬಾಣಲೆ ಪೂರಾ ಸೀದಿತ್ತು;
ಬೈಸಿಕೊಂಡು, ಕಾರ್ಡು ಜೇಬಿಗಿಟ್ಟು,
ಜರಡಿ ಎತ್ತಿದ.
ಮರಳೆಲ್ಲ ಕೆಳಗೆ ಇಳಿಯುವವರೆಗೂ
ಅಲ್ಲಾಡಿಸುತ್ತಲೇ ಇದ್ದ.